ಅತ್ತೆಯ ನೇರಳೆ ಬೆಕ್ಕು, ನನ್ನ ಕೇಸರಿ ಬೆಕ್ಕು

ನಡುವಯಸ್ಸಿಗೆ ಕಾಲಿಡುವ ಹೆಂಗಸರಿಗೆ ಏನಾದರೊಂದು ಹುಚ್ಚು ಹಿಡಿಯುವುದು ಸಹಜ. ಕೆಲವರು ಭಜನಾ ಮಂಡಳಿ ಸೇರಿ ನೆರೆಹೊರೆಯವರ ಮಧ್ಯಾಹ್ನದ ನಿದ್ದೆ ಕೆಡಿಸುತ್ತಾರೆ. ಕೆಲವರು ಸ್ವೆಟರ್ ಹೆಣೆದು ಗಂಡನಿಗೆ ತೊಡಿಸಿ ಹಳೆಯ ಸೇಡು ತೀರಿಸಿಕೊಳ್ಳುತ್ತಾರೆ. ನಾನು ಬೆಕ್ಕುಗಳಿಗೆ ಬಣ್ಣ ತುಂಬಿದೆ. ಜೀವಂತ ಬೆಕ್ಕುಗಳಿಗಲ್ಲ, ಮಕ್ಕಳ ಪುಸ್ತಕದಲ್ಲಿ ಬರೀ ಗೆರೆಯಾಗಿ ಕೂತಿರುತ್ತವಲ್ಲ, ಅವಕ್ಕೆ. ವಿಮಾ ಕಚೇರಿಯಲ್ಲಿ ಕೂತು ಹತ್ತು ಜನರ ಫೈಲುಗಳಲ್ಲಿ ತಪ್ಪು ಹುಡುಕುವ ಮೂವತ್ತಾರರ ಹೆಂಗಸು ಇದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೆ ಆಗಬೇಕಾದ ಮಾನಹಾನಿ ಆಗಲೇ ಆಗಿಹೋಗಿರುವುದರಿಂದ ಮುಚ್ಚಿಡುವುದಕ್ಕೂ ಏನೂ ಉಳಿದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಪುಣೆ ಹತ್ತಿರದ ನಿಗಡಿಯ ಫ್ಲ್ಯಾಟಿನಲ್ಲಿ ನಾವು ನಾಲ್ವರು: ನಾನು, ಯಜಮಾನರು, ಏಳು ವರ್ಷದ ಮಗಳು ಮುಕ್ತಾ, ಮತ್ತು ಧಾರವಾಡದಿಂದ ಬಂದು ನಮ್ಮೊಡನೆಯೇ ಇದ್ದ ಅತ್ತೆ. ಮುಕ್ತಾ ಒಂದು ಗಳಿಗೆ ಕೂತಲ್ಲಿ ಕೂರುವ ಹುಡುಗಿಯಲ್ಲ. ಕೂರಲಿ ಎಂದು ಸದಾಶಿವ ಪೇಠೆಯ ಅಂಗಡಿಯೊಂದರಿಂದ ಬೆಕ್ಕುಗಳ ಬಣ್ಣದ ಪುಸ್ತಕ ತಂದುಕೊಟ್ಟೆ. ಅವಳು ಮೊದಲ ಬೆಕ್ಕಿನ ಒಂದು ಕಿವಿಗೆ ನೀಲಿ ಹಚ್ಚಿ ಆಡಲು ಓಡಿದಳು. ಒಂದೇ ಕಿವಿಗೆ ಬಣ್ಣವಾದ ಬೆಕ್ಕನ್ನು ಹಾಗೇ ಬಿಡುವುದು ಹೇಗೆ? ಇನ್ನೊಂದು ಕಿವಿ ನಾನು ತುಂಬಿದೆ. ಆಮೇಲೆ ಮುಖ. ಆಮೇಲೆ ಬಾಲ. ಅಷ್ಟರಲ್ಲಿ ಒಲೆಯ ಮೇಲಿದ್ದ ಬೇಳೆ ಸೀದಿತ್ತು. ನನಗಾದರೋ, ವರ್ಷಗಳಿಂದ ಸಿಗದಿದ್ದ ಒಂದು ನೆಮ್ಮದಿ ಸಿಕ್ಕಿತ್ತು.

ವಾರ ಕಳೆದ ಮೇಲೆ ಕಚೇರಿಯಿಂದ ಬಂದು ಪುಸ್ತಕ ತೆರೆದರೆ, ನಾನು ಮುಟ್ಟದಿದ್ದ ಮೂರು ಬೆಕ್ಕುಗಳು ಬಣ್ಣ ತುಂಬಿಕೊಂಡು ಕೂತಿದ್ದವು. ಒಂದಂತೂ ನೇರಳೆ ಮೈ, ಹಸಿರು ಮೀಸೆ. ರಂಗೋಲಿಗೆ ತುಂಬಿದ ಹಾಗೆ ಬಣ್ಣ ಎಲ್ಲೂ ಚೆಲ್ಲಿರಲಿಲ್ಲ. ಮಗಳ ಕೆಲಸವಂತೂ ಅಲ್ಲ. ಚಹಾ ಕೊಡಲು ಹೋದಾಗ ಕಪ್ಪು ಹಿಡಿದ ಅತ್ತೆಯ ಹೆಬ್ಬೆರಳು ನೇರಳೆಯಾಗಿತ್ತು. ನಿಜವಾದ ಬೆಕ್ಕು ಅಡ್ಡ ಬಂದರೆ ಮನೆಯೊಳಗೆ ಬಂದು ಕೂತು, ನೀರು ಕುಡಿದೇ ಮತ್ತೆ ಹೊರಡುವ ಹೆಂಗಸು! ನಾನು ಬೆರಳು ನೋಡಿದ್ದನ್ನು ಅವರೂ ನೋಡಿದರು. ನಾಚಿಕೊಳ್ಳಲಿಲ್ಲ.

"ನೀ ಎಲ್ಲಾ ಬೆಕ್ಕಿಗೂ ಕೇಸರೀನ ಹಚ್ಚಿದ್ರ, ಅವು ಒಂದಕ್ಕೊಂದು ಗುರ್ತು ಹೆಂಗ ಹಿಡೀಬೇಕು?" ಎಂದರು.

ಮದುವೆಯಾಗಿ ಹನ್ನೊಂದು ವರ್ಷ. ಉಪ್ಪು, ಹುಳಿ, ಹಾಲಿನವನು, ಇಷ್ಟು ಬಿಟ್ಟು ಅತ್ತೆಗೂ ನನಗೂ ನಡುವೆ ಬೇರೆ ಮಾತು ನಡೆದದ್ದು ಕಡಿಮೆ. ಈಗ ಮಾತಿಲ್ಲದ ಯುದ್ಧ ಸುರುವಾಯಿತು. ತಮಗೆ ಬೇಕಾದ ಪುಟದ ಮೂಲೆಯನ್ನು ಅವರು ಮಡಚಿಡುತ್ತಿದ್ದರು. ನಾನು ಅದನ್ನು ಬಿಡಿಸಿ ಇನ್ನೊಂದು ಮೂಲೆ ಮಡಚುತ್ತಿದ್ದೆ. ಬುಟ್ಟಿಯಲ್ಲಿ ಮಲಗಿದ ದಪ್ಪ ಬೆಕ್ಕಿಗಾಗಿ ನಾನು ಒಂದು ದಿನ ಕಚೇರಿಗೆ ಅರ್ಧ ರಜೆಯನ್ನೂ ಹಾಕಿದೆ. ಇನ್ನೊಂದು ಪುಸ್ತಕ ತಂದುಬಿಡಲೇ ಎಂದು ಯಜಮಾನರು ಕೇಳಿದಾಗ ಇಬ್ಬರೂ ಒಟ್ಟಿಗೇ ಬೇಡವೆಂದೆವು. ಅತ್ತೆ-ಸೊಸೆ ಒಂದೇ ಮಾತಿಗೆ ಬಂದದ್ದನ್ನು ಕಂಡು ಗಾಬರಿಯಾಗಿ ಅವರು ಪೇಪರಿನ ಹಿಂದೆ ಅಡಗಿದರು.

ಅಷ್ಟರಲ್ಲಿ ಗಣಪತಿ ಬಂದ. ನಮ್ಮ ಸೊಸೈಟಿಯಲ್ಲಿ ಮಕ್ಕಳಿಗೆ ಸ್ಪರ್ಧೆ: ಪ್ರಾಣಿಯ ಚಿತ್ರವೊಂದಕ್ಕೆ ಮನೆಯಲ್ಲೇ ಬಣ್ಣ ತುಂಬಿ ತರಬೇಕು. ಇಲಿಯ ಮೇಲೆ ಓಡಾಡುವ ದೇವರ ಮುಂದೆ ಬೆಕ್ಕನ್ನು ಇಡುವುದು ಸರಿಯೇ ಎಂಬ ಪ್ರಶ್ನೆ ನನಗೂ ಬಂತು. ಪ್ರಶಸ್ತಿಯ ಆಸೆಯ ಮುಂದೆ ಅದು ನಿಲ್ಲಲಿಲ್ಲ. ಬುಟ್ಟಿಯ ದಪ್ಪ ಬೆಕ್ಕನ್ನು ನಾಜೂಕಾಗಿ ಹರಿದು, ಕೆಳಗೆ ಮುಕ್ತಾಳ ಹೆಸರು ಬರೆದು ಯಾರಿಗೂ ಹೇಳದೆ ಕೊಟ್ಟುಬಂದೆ. ಹೆಸರು ಮಗಳದಾದರೂ ಇಟ್ಟವಳು ನಾನೇ ತಾನೇ ಎಂದು ಸಮಾಧಾನವನ್ನೂ ಹೇಳಿಕೊಂಡೆ.

ಎರಡು ದಿನ ಬಿಟ್ಟು ಸ್ಪರ್ಧೆಯ ತೀರ್ಪುಗಾರರಾದ ಗೋಡಬೋಲೆ ಕಾಕು ಮನೆಗೆ ಬಂದರು. ಚಿತ್ರಕಲೆಯ ಟೀಚರಾಗಿ ನಿವೃತ್ತರಾದವರು, ಕೆಳಗಿನ ಮಹಡಿಯವರು, ಸೊಸೈಟಿಯವರಿಗೆಲ್ಲ ಚಿಕ್ಕಮ್ಮ. ಅವರ ಕೈಯಲ್ಲಿ ಎರಡು ಚಿತ್ರಗಳಿದ್ದವು. ಒಂದು ಮಗುವಿಗೆ ಒಂದೇ ಚಿತ್ರ ಎಂಬ ನಿಯಮವಿರುವಾಗ ಮುಕ್ತಾಳ ಹೆಸರಲ್ಲಿ ಎರಡು ಹೇಗೆ ಬಂದವು ಎಂದು ಮರಾಠಿಯಲ್ಲಿ ಮೆಲ್ಲಗೆ ವಿಚಾರಿಸಿದರು. ಒಂದು ನನ್ನ ಕೇಸರಿ ಬೆಕ್ಕು. ಇನ್ನೊಂದು ನೇರಳೆ ಬೆಕ್ಕು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಫ್ಯಾನು ನೋಡಿದರು.

ಆಟ ಬಿಟ್ಟು ಬಂದ ಮುಕ್ತಾ ಎರಡನ್ನೂ ತಿರುಗಿಸಿ ನೋಡಿ, "ಎರಡೂ ನನ್ನವಲ್ಲ. ಇದು ಅಜ್ಜೀದು, ಅದು ಆಯೀದು" ಎಂದು ನನ್ನತ್ತ ಬೆರಳು ತೋರಿಸಿ, ನೀರು ಕುಡಿದು ಹೋದಳು.

ಕಾಕು ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಇನ್ನೊಮ್ಮೆ ನೋಡಿದರು. ಕೊನೆಗೆ ಹೇಳಿದರು: ನೇರಳೆ ಬೆಕ್ಕು ಪಳಗಿದ ದೊಡ್ಡವರ ಕೈಯದು ಎಂದು ನೋಡಿದ ತಕ್ಷಣವೇ ಗೊತ್ತಾಗಿ ಅದನ್ನು ಸ್ಪರ್ಧೆಯಿಂದ ತೆಗೆದುಹಾಕಿದ್ದರಂತೆ. ಆದರೆ ಕೇಸರಿಯದು ನಿಜವಾಗಿಯೂ ಮಗುವಿನದೇ ಎಂದು ನಂಬಿ, ಎಂಟು ವರ್ಷದೊಳಗಿನವರ ಪ್ರೋತ್ಸಾಹಕ ಬಹುಮಾನ ಕೊಡುವುದೆಂದು ತೀರ್ಮಾನಿಸಿದ್ದರಂತೆ. ಚಿತ್ರದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದೂ ಇತ್ತು: ಪ್ರಯತ್ನ ಚೆನ್ನಾಗಿದೆ, ಗೆರೆಯೊಳಗೆ ಬಣ್ಣ ತುಂಬುವುದನ್ನು ಮನೆಯಲ್ಲಿ ಕಲಿಸಬೇಕು.

ಯಜಮಾನರು ಬಾಲ್ಕನಿಗೆ ಹೋಗಿ ಒಣಗದ ಬಟ್ಟೆಗಳನ್ನು ತೆಗೆಯತೊಡಗಿದರು. ಅವರ ಬೆನ್ನು ಕುಲುಕುತ್ತಿತ್ತು. ಸ್ಪರ್ಧೆಯಿಂದ ಹೊರಬಿದ್ದ ಅತ್ತೆಯ ಸಂಭ್ರಮವನ್ನಂತೂ ಕೇಳಲೇಬೇಡಿ. ಕಿವಿ ಚೆನ್ನಾಗಿದ್ದರೂ ಸರಿಯಾಗಿ ಕೇಳಿಸಲಿಲ್ಲವೆಂದು, ತಮ್ಮನ್ನು ಯಾಕೆ ಹೊರಹಾಕಿದ್ದೆಂದು ಕಾಕುವಿನ ಬಾಯಿಂದ ಮೂರು ಸಲ ಹೇಳಿಸಿಕೊಂಡರು. ಕಾಕುವಿಗೆ ಎರಡನೆಯ ಕಪ್ ಚಹಾ ತಾವೇ ಮಾಡಿಕೊಟ್ಟರು.

ನಾನು ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಮೂರನೆಯ ದಿನ ತಡೆಯಲಾಗದೆ ಒಂದು ಮರಿಬೆಕ್ಕು ಹಿಡಿದು ಕೂತೆ. ಚಿತ್ರದ ಹಿಂದಿದ್ದ ಕಾಕುವಿನ ಆಜ್ಞೆಯನ್ನು ಓದಿ ಗಂಭೀರವಾಗಿ ತೆಗೆದುಕೊಂಡಿದ್ದ ಮುಕ್ತಾ, ಎಂದೂ ಕೂರದವಳು, ಬಂದು ಪಕ್ಕದಲ್ಲಿ ಕೂತಳು. "ಆಯಿ, ಮತ್ತ ಗೆರಿ ದಾಟಿದಿ ನೋಡು" ಎಂದು ಬೆರಳಿಟ್ಟು ತೋರಿಸಿದಳು.

ಎದುರಿಗೆ ಕೂತು ತಮ್ಮ ಬೆಕ್ಕಿಗೆ ಹಸಿರು ಹಚ್ಚುತ್ತಿದ್ದ ಅತ್ತೆ ತಲೆ ಎತ್ತದೆಯೇ ಹೇಳಿದರು: "ಇರಲಿ ಬಿಡು ಮುಕ್ತಾ, ಬೈಬ್ಯಾಡ ಅಕೀಗೆ. ಇನ್ನೂ ಸಣ್ಣಾಕಿ ಇದ್ದಾಳ."

ಹನ್ನೊಂದು ವರ್ಷದಲ್ಲಿ ಅತ್ತೆ ನನ್ನ ಪರವಾಗಿ ಆಡಿದ ಮೊದಲ ಮಾತು ಅದು. ಕಣ್ಣು ತುಂಬಿ ಬಂದು ಮುಂದಿನ ಗೆರೆ ಕಾಣಿಸದೆ, ಅದನ್ನೂ ದಾಟಿದೆ.