ಹೆಪ್ಪಿಗೆ ಹೊರಟ ಪಾದಚಾರಿ

"ಇನ್ಮೇಲೆ ಶನಿವಾರ ಕಾರು ಮುಟ್ಟಿದ್ರೆ ನನ್ನ ಹೆಸರು ತಿರುಮಲನೇ ಅಲ್ಲ!"

ಟೆಕ್ಸಾಸಿನ ಕೇಟಿ ಎಂಬ ಊರಿನ ತನ್ನ ಮನೆಯ ಸೋಫಾದ ಮೇಲೆ ಮಲಗಿಕೊಂಡೇ ತಿರುಮಲ ಈ ಘೋರ ಪ್ರತಿಜ್ಞೆ ಮಾಡಿದ್ದು 1999ರ ಒಂದು ಶನಿವಾರ ಮಧ್ಯಾಹ್ನ. ಕಾರಿನ ಚರಿತ್ರೆಯ ದಪ್ಪ ಪುಸ್ತಕವೊಂದು ಎದೆಯ ಮೇಲೆ ಕವುಚಿ ಬಿದ್ದಿತ್ತು.

"ಗೊತ್ತಾ ವೇಣಿ? ಮೊದ್ಲು ಅಮೆರಿಕದೋರೂ ಅಂಗಡಿಗೆ ನಡ್ಕೊಂಡೇ ಹೋಗ್ತಿದ್ರು. ಕಾರು ಬಂತು, ಊರು ಹಿಗ್ಗಿತು, ಅಂಗಡಿ ದೂರ ಓಡ್ತು, ಫುಟ್‌ಪಾತ್ ಮಾಯ! ಈಗ ಬ್ಯಾಂಕಿಗೆ ಹೋದ್ರೂ ಕಾರಿಂದ ಇಳಿಯಲ್ಲ. ಇಡೀ ದೇಶಾನೇ ಕಾರಿನ ಗುಲಾಮ!"

"ಅದಿರ್ಲಿ, ನಂಗೆ ಡ್ರೈವಿಂಗ್ ಯಾವಾಗ ಕಲಿಸ್ತೀರ? ದೀಪಾವಳಿ ಆಗ್ಲಿ ಅಂದ್ರಿ. ಯುಗಾದೀನೂ ಆಗೋಯ್ತು!" ಹೆಂಡತಿ ಕೃಷ್ಣವೇಣಿ ಅಡುಗೆಮನೆಯಿಂದಲೇ ಕೇಳಿದಳು.

"ಕಲಿತು ಎಲ್ಲಿಗೆ ಹೋಗ್ಬೇಕು?"

"ಸದ್ಯಕ್ಕೆ ಸೀತಾಬಾಯಿ ಮನೆಗೆ. ಮೊಸರಿಗೆ ಹೆಪ್ಪಿಲ್ಲ."

"ಇಲ್ಲೇ ಪಕ್ಕದಲ್ಲಿದೆ, ಕಾರಲ್ಲಿ ಮೂರು ನಿಮಿಷ! ನಾನೇ ನಡ್ಕೊಂಡು ಹೋಗಿ ತರ್ತೀನಿ. ನಡಿಗೆ ಅಂದ್ರೇನು ಅಂತ ಟೆಕ್ಸಾಸಿಗೇ ತೋರಿಸ್ತೀನಿ!"

ಕೃಷ್ಣವೇಣಿ ಸ್ಟೀಲ್ ಡಬ್ಬಿಯನ್ನು ಅವನ ಕೈಗಿಟ್ಟಳು.

ಹೊರಗೆ ರಸ್ತೆ ಬಿಸಿಲಲ್ಲಿ ತೂಕಡಿಸುತ್ತಿತ್ತು. ಹಗಲುಗನಸಿನಲ್ಲಂತೂ ತಿರುಮಲನನ್ನು ಮೀರಿಸುವವರಿಲ್ಲ. ನಡೆಯುತ್ತ ನಡೆಯುತ್ತ ಅವನ ಕಣ್ಣಿಗೆ ಗ್ಯಾರೇಜುಗಳೆಲ್ಲ ಜಗಲಿಗಳಾದವು. ಜಗಲಿಗಳ ಮೇಲೆ ಕೌಬಾಯ್ ಟೋಪಿಯ ತಾತಂದಿರು ಎಲೆಗೆ ಸುಣ್ಣ ಸವರುತ್ತ "ಊಟ ಆಯ್ತಾ ತಿರುಮಲರಾಯರೇ?" ಎಂದು ವಿಚಾರಿಸಿದರು. ಆರು ಲೇನಿನ ರಸ್ತೆಯಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡಿದರು. ಸಿಗ್ನಲ್ಲಿನ ಕೆಳಗೆ ಕೂತು ಒಬ್ಬಳು ಮಲ್ಲಿಗೆ ಮೊಳ ಹಾಕಿದಳು. ಆಹಾ, ಏನು ನೆಮ್ಮದಿ, ಏನು ತಂಪು!

ತಂಪು ಮಾತ್ರ ನಿಜವಾಗಿತ್ತು. ಯಾರದೋ ಹುಲ್ಲಿಗೆ ನೀರು ಹಾರಿಸುವ ಸ್ಪ್ರಿಂಕ್ಲರ್ ಅವನಿಗೆ ಸಾಂಗವಾಗಿ ಅಭಿಷೇಕ ಮಾಡುತ್ತಿತ್ತು!

ಪಕ್ಕಕ್ಕೆ ಹಾರಿದ. ಫುಟ್‌ಪಾತ್ ಎಲ್ಲಿ ಬಂತು? ಕಾಲು ನೇರ ಚರಂಡಿಗೆ ಇಳಿಯಿತು. ಪಿಕಪ್ ಟ್ರಕ್ಕೊಂದು ಪಕ್ಕದಲ್ಲಿ ನಿಂತಿತು, ಡ್ರೈವರ್ ತಲೆ ಹೊರಹಾಕಿದ.

"ಕಾರು ಕೆಟ್ಟೋಯ್ತಾ?"

"ಇಲ್ಲ, ನಡೀತಿದೀನಿ."

"ಯಾಕೆ?"

ತಿರುಮಲ ದಪ್ಪ ಪುಸ್ತಕದ ಮೊದಲ ಅಧ್ಯಾಯ ಶುರುಮಾಡುವಷ್ಟರಲ್ಲಿ ಪಿಕಪ್ ಹೊರಟುಹೋಗಿತ್ತು. ಆಮೇಲೆ ಪೊಲೀಸ್ ಕಾರೊಂದು ನಿಧಾನವಾಗಿ ಬಂದು, ಅವನ ಡಬ್ಬಿಯನ್ನು ದಿಟ್ಟಿಸಿ ಹೋಯಿತು.

"ಅಯ್ಯ, ನಡಕೊಂತ ಬಂದ್ರೇನ್ರೀ? ಕಾರಿಗೇನಾತ್ರಿ?" ಎನ್ನುತ್ತ ಧಾರವಾಡದ ಸೀತಾಬಾಯಿ ಡಬ್ಬಿಗೆ ಹೆಪ್ಪು ಹಾಕಿಕೊಟ್ಟರು.

ವಾಪಸು ಬರುವಾಗ ಮೊಣಕಾಲು ಮುಷ್ಕರ ಹೂಡಿತು. ಆಗ ಬೆಳ್ಳಿಗೂದಲಿನ ಅಮೆರಿಕನ್ ಅಜ್ಜಿಯೊಬ್ಬಳು ಕಾರು ನಿಲ್ಲಿಸಿದಳು.

"ಆ ಡಬ್ಬಿ ನಂಗೆ ಗೊತ್ತು! ವೇಣಿ ಕಡೆಯವರಾ? ಹತ್ತಿ, ಹತ್ತಿ. ಪಾಪ, ವಾರ ವಾರ ಈ ಬಿಸಿಲಲ್ಲಿ ನಡೀತಾಳೆ. ಎಷ್ಟೋ ಸಲ ನಾನೇ ಮನೆಗೆ ಬಿಟ್ಟಿದೀನಿ. ಗಂಡ ಅಂತ ಒಬ್ಬ ಇದಾನಂತೆ, ಡ್ರೈವಿಂಗ್ ಕಲಿಸಲ್ವಂತೆ! ಅಂದ ಹಾಗೆ, ನೀವ್ಯಾರು?"

ತಿರುಮಲ ಕಾರು ಹತ್ತಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ಈ ಚರಂಡಿಯ ಅಂಚಿನಲ್ಲೇ ವೇಣಿ ವಾರ ವಾರವೂ ನಡೆದಿದ್ದಳು. ತಾನು ಕಾರಿನೊಳಗೆ ಕೂತು 'ಪಕ್ಕದಲ್ಲೇ ಇದೆ' ಎಂದುಕೊಂಡಿದ್ದ. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು.

"ನಾನು... ಅವರ ನೆರೆಮನೆಯವನು," ಎಂದುಬಿಟ್ಟ.

ಮನೆ ಮುಂದೆ ಕಾರು ನಿಂತದ್ದೇ ತಡ, ಕೃಷ್ಣವೇಣಿ ಓಡಿಬಂದಳು. "ಥ್ಯಾಂಕ್ಯೂ ಡೊರೋತಿ! ಇವ್ರೇ ನನ್ನ ಯಜಮಾನ್ರು!"

ಡೊರೋತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ವೇಣಿಗೆ ಕಣ್ಣು ಮಿಟುಕಿಸಿದಳು.

"ಹೌದಾ? ನೆರೆಮನೆಯವನು ಅಂದ್ರಲ್ಲ! ಈ ನೆರೆಮನೆಯವರು ತುಂಬಾ ಒಳ್ಳೆಯವರಮ್ಮ, ನಿನ್ನ ಗಂಡನ ಹಾಗಲ್ಲ. ನಾಳೆಯಿಂದಲೇ ನಿಂಗೆ ಡ್ರೈವಿಂಗ್ ಕಲಿಸ್ತಾರಂತೆ!"

ಹೆಪ್ಪಿನ ಡಬ್ಬಿ ಹಿಡಿದು ನಿಂತಿದ್ದ ನೆರೆಮನೆಯವನು ಹೂಂ ಎಂದು ತಲೆಯಾಡಿಸಿದ.