ಕರ್ನಲ್ ಕಾಕಾ

ನಮ್ಮ ಕಾಕಾನನ್ನು ಸಂಖದಲ್ಲಿ ಅರ್ಧ ಊರು ‘ಕರ್ನಲ್ ಸಾಹೇಬ್ರು’ ಎಂದೇ ಕರೆಯುತ್ತಿತ್ತು. ಸೈನ್ಯದ ಮಾತು ಬಿಡಿ, ಸಾಲೆಯ ಕವಾಯತಿನಲ್ಲೇ ಎಡಗಾಲು ಯಾವುದು, ಬಲಗಾಲು ಯಾವುದು ಎಂದು ಗೊಂದಲಪಡುತ್ತಿದ್ದ ಮನುಷ್ಯ ಆತ!

ಎರಡು ಸಾವಿರದ ಇಸವಿ ದಾಟಿದ ಹೊಸತು. ಕಾಕಾನಿಗೆ ಬಸ್ ಸ್ಟ್ಯಾಂಡಿನ ಎದುರು ಟೈಪಿಂಗ್ ಅಂಗಡಿ, ಅದರಲ್ಲೊಂದು ಕಂಪ್ಯೂಟರ್. ಮೀರಜಿನಲ್ಲಿ ಕೊಂಡ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಕಂಪ್ಯೂಟರನ್ನೇ ನಡೆಸುವ ಲಿನಕ್ಸ್ ತಂತ್ರಾಂಶವಿರುವ ಸಿಡಿ ಪುಕ್ಕಟೆ ಬಂತು. ಕಾಕಾ ಅದನ್ನು ಹಾಕಿ, ಅದು ಕೇಳಿದ ಪ್ರಶ್ನೆಗೆಲ್ಲ ಓದದೆಯೇ ‘ಯೆಸ್’ ಒತ್ತಿದ. ತಾಸಿನೊಳಗೆ ಹಳೆಯದೆಲ್ಲ ಅಳಿಸಿಹೋಯಿತು, ಟೈಪ್ ಮಾಡಿಟ್ಟಿದ್ದ ಮೂರು ಲಗ್ನಪತ್ರಿಕೆಗಳೂ ಸೇರಿ. ಇನ್ನು ಮೇಲೆ ಈ ಮಷೀನಿಗೆ ವೈರಸ್ಸಿನ ಭಯವಿಲ್ಲ ಎಂದು ಆತ ಹೆಣ್ಣಿನ ತಂದೆಯೊಬ್ಬರಿಗೆ ಹೆಮ್ಮೆಯಿಂದ ವಿವರಿಸಿದ.

“ವೈರಸ್ ಬರೂದಿಲ್ಲ, ಖರೆ. ಬೀಗರು ಹೆಂಗ ಬರಬೇಕ್ರಿ?” ಎಂದರು ಅವರು.

ಆಮೇಲೆ ಕರ್ನಲ್ಲಿನ ಹುಚ್ಚು ಹಿಡಿಯಿತು. ಕರ್ನಲ್ ಎಂದರೆ ಲಿನಕ್ಸಿನ ತಿರುಳು. ಮೆಮರಿ, ಡಿಸ್ಕು, ಪ್ರಿಂಟರು ಯಾರಿಗೆ ಯಾವಾಗ ಸಿಗಬೇಕೆಂದು ನಿರ್ಧರಿಸುವ ಯಜಮಾನ. ಅದನ್ನು ಹೊಸದಾಗಿ ತಾನೇ ಕಟ್ಟುತ್ತೇನೆಂದು ಕಾಕಾ ಕುಳಿತ. ತೆರೆಯ ಮೇಲೆ ಮಧ್ಯಾಹ್ನವಿಡೀ ಬಿಳಿ ಅಕ್ಷರದ ಸಾಲುಗಳು ಓಡಿದವು. ಪಿಂಚಣಿ ಅರ್ಜಿ ಟೈಪ್ ಮಾಡಿಸಲು ಬಂದ ನಿವೃತ್ತ ಸುಬೇದಾರರು ಕಾದು ಕಾದು, ಎಷ್ಟೊತ್ತಾಗುತ್ತದೆಂದು ಕೇಳಿದರು.

“ಸ್ವಲ್ಪ ಕುಂದ್ರಿ. ಒಳಗ ಕರ್ನಲ್ ತಯಾರಿ ನಡದೈತ್ರಿ.”

ಸುಬೇದಾರರು ಕೊರಳ ಗುಂಡಿ ಹಾಕಿಕೊಂಡು ನೆಟ್ಟಗೆ ಕುಳಿತರು! ಕೊನೆಗೆ ಕರೆಂಟ್ ಹೋಗಿ ಎಲ್ಲ ಕತ್ತಲಾದಾಗ, “ಸಾಹೇಬ್ರು ಹೋದ್ರೇನು?” ಎಂದು ಮೆಲ್ಲಗೆ ಕೇಳಿದರಂತೆ. ಹೆಸರು ಬಿದ್ದದ್ದು ಅಂದೇ.

ಆ ವರ್ಷವೇ ನನ್ನ ಬಾರಾವಿ, ಅಂದರೆ ಹನ್ನೆರಡನೆಯ ತರಗತಿ, ಮುಗಿಯಿತು. ಹುಡುಗಿಗೆ ಇಷ್ಟು ಓದು ಸಾಕು, ಇನ್ನು ಮನೆಯಲ್ಲಿರಲಿ ಎಂದು ಅಪ್ಪ ತೀರ್ಮಾನಿಸಿದರು. ನಾನು ಎರಡು ದಿನ ಊಟ ಬಿಟ್ಟರೂ ಅವರು ಕರಗಲಿಲ್ಲ. ಆಗ ಕಾಕಾ ನಮ್ಮೂರು ಅಸಂಗಿಗೆ ಬಂದ. ನನ್ನ ಪರವಾಗಿ ಒಂದು ಮಾತೂ ಆಡದೆ ತನ್ನ ಗೋಳನ್ನೇ ಹೇಳಿಕೊಂಡ.

“ಅಣ್ಣಾ, ಮಷೀನ್ ನನ್ನ ಕೈಯಾಗ ನಿಲ್ಲವಲ್ದು. ಈಕಿನ್ನ ನಾಕ ದಿನ ಕಳಸು.”

ಮಷೀನ್ ಸರಿಯಾಗುವ ತನಕ ಮಾತ್ರ ಎಂದು ಅಪ್ಪ ಒಪ್ಪಿದರು.

ಆದರೆ ಆ ಮಷೀನ್ ಸರಿಯಾಗಬೇಕಲ್ಲ! ಒಂದು ಬೆಳಿಗ್ಗೆ ಹೋದರೆ ಪ್ರಿಂಟರ್ ಸತ್ತಿರುತ್ತಿತ್ತು. ಇನ್ನೊಂದು ದಿನ, ನಿನ್ನೆ ಟೈಪ್ ಮಾಡಿದ ಕಡತವನ್ನೇ ತೆರೆಯಲು ನನಗೆ ಪರವಾನಗಿ ಇಲ್ಲವೆನ್ನುತ್ತಿತ್ತು. ಮತ್ತೊಂದು ದಿನ ಡಿಸ್ಕಿನ ಒಂದು ಭಾಗವೇ ನಾಪತ್ತೆ. ಇಂಗ್ಲಿಷ್ ಕೈಪಿಡಿಯನ್ನು ಡಿಕ್ಷನರಿ ಹಿಡಿದು ಓದಿ, ಮಷೀನಿನ ದಿನಚರಿಯಂಥ ಲಾಗಿನಲ್ಲಿ ಏನು ಬರೆದಿದೆ ಎಂದು ಹುಡುಕಿ, ಸಂಜೆಯೊಳಗೆ ಹೇಗೋ ಸರಿಮಾಡುತ್ತಿದ್ದೆ. ಇಂಥ ದಡ್ಡನಿಗೆ ಕಂಪ್ಯೂಟರ್ ಯಾರು ಮಾರಿದರೋ ಎಂದು ಬಸ್ಸಿನ ದಾರಿಯುದ್ದಕ್ಕೂ ಬೈಯುತ್ತ ಬರುತ್ತಿದ್ದೆ. ಅಪ್ಪ ಕೇಳಿದಾಗಲೆಲ್ಲ, ಇನ್ನೂ ಸರಿಯಾಗಿಲ್ಲ ಎನ್ನುವುದು ನನ್ನ ಪ್ರಾಮಾಣಿಕ ಉತ್ತರವಾಗಿತ್ತು. ಹೀಗೇ ವರ್ಷ ಕಳೆಯಿತು. ಇವತ್ತು ಜತ್ತಿನಲ್ಲಿ ನಾನು ಹತ್ತಾರು ಮಕ್ಕಳಿಗೆ ಲಿನಕ್ಸ್ ಕಲಿಸುತ್ತಿದ್ದರೆ, ನನ್ನ ಕಾಲೇಜು ಆ ಅಂಗಡಿಯೇ.

ಒಂದು ದಿನ ಮತ್ತೆ ಪ್ರಿಂಟರ್ ಕೆಟ್ಟಿತ್ತು. ಹಿಂದಿನ ವಾರ ಯಾವ ಆದೇಶ ಕೊಟ್ಟು ಸರಿಪಡಿಸಿದ್ದೆ ಎಂದು ನೆನಪಾಗದೆ, ಮಷೀನ್ ತನ್ನಷ್ಟಕ್ಕೆ ಬರೆದಿಡುವ ಹಳೆಯ ಆದೇಶಗಳ ಪಟ್ಟಿ ತೆಗೆದೆ. ನನ್ನವೆಲ್ಲ ಅಲ್ಲಿದ್ದವು. ಪ್ರತಿ ದಿನದ ನನ್ನ ಆದೇಶಗಳಿಗಿಂತ ಮೊದಲು, ನಾನು ಕೊಡದ ಒಂದೊಂದು ಆದೇಶವೂ ಇತ್ತು. ಪ್ರಿಂಟರನ್ನು ನಡೆಸುವ ತುಣುಕಾದ ಮಾಡ್ಯೂಲನ್ನು ಕರ್ನಲ್ಲಿನಿಂದ ತೆಗೆದುಹಾಕಿದ್ದು. ಕಡತದ ಪರವಾನಗಿ ಕಿತ್ತುಕೊಂಡದ್ದು. ಡಿಸ್ಕಿನ ಒಂದು ಭಾಗವನ್ನು ಬಿಡಿಸಿಟ್ಟದ್ದು. ಒಂದರಲ್ಲೂ ತಪ್ಪಿಲ್ಲ. ಬಲ್ಲವನು ಮಾತ್ರ ಹಾಗೆ ಕೆಡಿಸಬಲ್ಲ.

ಎರಡೇ ನಿಮಿಷದಲ್ಲಿ ಪ್ರಿಂಟರ್ ಸರಿಹೋಯಿತು. ನಾನು ಆ ಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ಓದತೊಡಗಿದೆ. ಹೊರಗಿನಿಂದ ಕಾಕಾ ಇಣುಕಿದ.

“ಮಷೀನ್ ಸುದ್ದ ಆತೇನು, ಯವ್ವಾ?”

“ಇಲ್ರಿ ಕಾಕಾ,” ಎಂದೆ, ಕಣ್ಣು ತೆರೆಯಿಂದ ಎತ್ತದೆ. “ಇನ್ನೂ ಭಾಳ ದಿನ ಹಿಡಿತೈತ್ರಿ.”

“ಹಿಡೀಲಿ, ಹಿಡೀಲಿ,” ಎಂದು ಆತ ನಿರಾಳವಾಗಿ ಹೇಳಿ, ನಮ್ಮಿಬ್ಬರಿಗೂ ಚಹಾ ತರಲು ಹೋದ.