ಮುಟ್ಟಿಸಿಕೊಳ್ಳದ ಸರದಾರ ಅವರ ಸನ್ನಿಧಾನಕ್ಕೆ

ಬನಹಟ್ಟಿ,
೧೯೮೭ರ ಬೇಸಿಗೆ

ಮಾನ್ಯರೇ,

ಮುಧೋಳ ತಳಿಯ ಕುಲದೀಪಕರೂ, ನೀಳ ಮೂತಿಯವರೂ, ಹೊಟ್ಟೆಯೆಂಬುದೇ ಇಲ್ಲದ ಸಪೂರ ದೇಹದವರೂ, ಹಾಲಿ ನಮ್ಮ ಮನೆಯ ಕಟ್ಟೆಯ ಮೇಲೆ ಬಂದವರಿಗೆಲ್ಲ ಬೆನ್ನು ತಿರುಗಿಸಿ ಮಲಗಿರುವವರೂ ಆದ ಶ್ರೀಮಾನ್ ಸರದಾರ ಅವರಿಗೆ, ಅದೇ ಮನೆಯ ಯಜಮಾನನೆಂದು ರೇಶನ್ ಕಾರ್ಡಿನಲ್ಲಿ ನಮೂದಾಗಿರುವ ಸೀರೆ ವ್ಯಾಪಾರಿ ಶಿದ್ರಾಮಪ್ಪನ ಅನಂತ ನಮಸ್ಕಾರಗಳು. ತಮಗೆ ಓದು ಬಾರದೆಂಬುದು ನನಗೆ ಗೊತ್ತು. ಆದರೂ ಈ ಪತ್ರವನ್ನು ನಮ್ಮ ಬಾಗಿಲಿಗೇ ಅಂಟಿಸುತ್ತಿದ್ದೇನೆ. ನನ್ನನ್ನು ನೋಡಲು ಬರುವ ಹಿತೈಷಿಗಳು ಒಳಗೆ ಕಾಲಿಡುವ ಮುಂಚೆ, ತಮಗೆ ಬರೆದದ್ದನ್ನು ಕದ್ದು ಓದಿದರೆ ನನ್ನ ಅಭ್ಯಂತರವಿಲ್ಲ.

ಕಳೆದ ದೀಪಾವಳಿಯ ಆಸುಪಾಸಿನಲ್ಲಿ ನನಗೆ ಲಕ್ವಾ ಹೊಡೆದದ್ದು, ಎಡಗೈ ಎಡಗಾಲು ಎರಡೂ ಒಟ್ಟಿಗೆ ರಾಜೀನಾಮೆ ಕೊಟ್ಟದ್ದು, ಮುಂದೆ ಕಾಲು ತಪ್ಪೊಪ್ಪಿಕೊಂಡು ಕೆಲಸಕ್ಕೆ ಮರಳಿದ್ದು, ಕೈಯೂ ಅರ್ಧ ಮನಸ್ಸಿನಿಂದ ಬಂದು ಸಹಿ ಹಾಕಿದ್ದು ಊರಿಗೇ ಗೊತ್ತು. ಊರು ಒಪ್ಪದಿರುವ ಸಂಗತಿ ಬೇರೆ ಇದೆ. ಆ ಕೈಗೆ ಈಗ ಅಂಗಿಯ ತೋಳು ತಗುಲಿದರೂ ಕೆಂಡ ಸುರಿದ ಹಾಗೆ ಉರಿಯುತ್ತದೆ, ಫ್ಯಾನಿನ ಗಾಳಿ ಸೋಕಿದರೆ ಜೀವ ಹೋಗುತ್ತದೆ, ತಣ್ಣೀರಿನ ಹೆಸರು ಕೇಳಿದರೇ ಮೈ ನಡುಗುತ್ತದೆ. ಬಟ್ಟೆ ಕಂಡರೆ ಬೆದರುವ ಬಟ್ಟೆ ವ್ಯಾಪಾರಿ ನಾನೊಬ್ಬನೇ ಇರಬೇಕು. ಎಡತೋಳು ಹೊರಗೆ ಬಿಟ್ಟು, ಅರ್ಧ ಅಂಗಿ ತೊಟ್ಟು ಅಂಗಡಿಯ ಗಾದಿಯ ಮೇಲೆ ಕೂತರೆ, ಇದು ಯಾವುದೋ ಕಠಿಣ ಹರಕೆಯೆಂದು ತಿಳಿದ ಗಿರಾಕಿಗಳು ಕೈಮುಗಿದು ಹೋಗುತ್ತಾರೆ. ಸೀರೆ ಮಾತ್ರ ಪಕ್ಕದ ಅಂಗಡಿಯಲ್ಲಿ ಕೊಳ್ಳುತ್ತಾರೆ.

ಇದನ್ನೂ ಸಹಿಸಬಹುದಿತ್ತು, ಊರಿನ ಸಂತೋಷವನ್ನು ಸಹಿಸುವುದು ಕಷ್ಟವಾಗಿದೆ. ಲಕ್ವಾ ಹೊಡೆದ ಕೈ ನೋಯತೊಡಗಿದರೆ ಅದಕ್ಕೆ ಜೀವ ಬಂತೆಂದೇ ನಮ್ಮವರ ನಂಬಿಕೆ. ಎದುರು ಮನೆಯ ತಂಗೆವ್ವ ಮೊದಲ ಬಾರಿ ಬಂದು, ನನ್ನ ಮೊಣಕೈ ಹತ್ತಿರ ಚೂಟಿ "ನೋಯ್ತೈತೇನೋ ಎಪ್ಪಾ?" ಎಂದು ಕೇಳಿದಾಗ ನಾನು ಕೂಗಿದ ಕೂಗಿಗೆ ಹಿಂದಿನ ಓಣಿಯಲ್ಲಿ ಪವರ್‌ಲೂಮ್ ನಡೆಸುತ್ತಿದ್ದವರು ಮಗ್ಗ ನಿಲ್ಲಿಸಿ ಓಡಿ ಬಂದರು. "ಛಲೋ ಆತು ನೋಡ್ರಿ! ಕೈಗೆ ಜೀವ ಬಂತು!" ಎಂದು ಆಕೆ ಕುಣಿದಾಡಿದಳು. ನನ್ನ ಹೆಂಡತಿಯ ಅಣ್ಣ ಹೊಳಬಸಪ್ಪನಂತೂ ಅಂದೇ ಪೇಢೆ ತಂದು ಓಣಿಗೆಲ್ಲ ಹಂಚಿದ. ಅಂದಿನಿಂದ ಬಂದವರು ಒಮ್ಮೆ ಚೂಟುವುದು, ನಾನು ಕಿರುಚುವುದು, ಅವರು ಹಿಗ್ಗುವುದು, ಒಂದು ಪೇಢೆ ಬಾಯಿಗೆ ಹಾಕಿಕೊಂಡು ಹೋಗುವುದು ನಮ್ಮ ಮನೆಯ ಪದ್ಧತಿಯೇ ಆಗಿಬಿಟ್ಟಿದೆ. ಪೇಢೆಯ ತಾಟು ಹಿಡಿದು ನಿಲ್ಲುವವಳು ನನ್ನ ಹೆಂಡತಿ ಕಸ್ತೂರೆವ್ವ. ನಾನು ಜೋರಾಗಿ ಕೂಗಿದಷ್ಟೂ ಅವಳ ಮುಖ ಅರಳುತ್ತಿತ್ತು.

ಮಿರಜದ ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಕೈಯಲ್ಲಿ ಗಾಯವಿಲ್ಲ, ಕೈಯ ಸುದ್ದಿ ತಲುಪುವ ಮಿದುಳಿನ ಜಾಗಕ್ಕೆ ಪೆಟ್ಟು ಬಿದ್ದಿದೆ, ಆದ್ದರಿಂದ ಅರಿವೆ ಸೋಕಿದರೂ ಅಲ್ಲಿ ಬೆಂಕಿಯೆಂದೇ ವರದಿಯಾಗುತ್ತದೆ, ಈ ನೋವು ಖರೆ, ಗುಳಿಗೆಯಿಂದ ತುಸು ತಗ್ಗಬಹುದು, ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದರು. ಜೊತೆಗೆ ಬಂದಿದ್ದ ಹೊಳಬಸಪ್ಪ ಬಸ್ಸಿನಿಂದ ನನಗಿಂತ ಮೊದಲು ಇಳಿದು, ಮನೆಯ ಹೊಸ್ತಿಲಲ್ಲಿ ನಿಂತು "ಡಾಕ್ಟರೂ ಒಪ್ಪಿದ್ರು, ಖರೇ ನೋವಂತ! ಇನ್ನ ಚಿಂತಿಲ್ಲ!" ಎಂದು ಸಾರಿದ. ಕಸ್ತೂರೆವ್ವ ಕಣ್ಣೊರೆಸಿಕೊಂಡು ದೇವರ ಮುಂದೆ ದೀಪ ಹಚ್ಚಿದಳು. ಆ ದೀಪ ಆರಿಸುವ ಮಾತು ಆಡಲು ನನಗೆ ನಾಲಗೆ ಏಳಲಿಲ್ಲ.

ಇಂಥ ಹೊತ್ತಿನಲ್ಲಿ, ನನಗೆ ಹೊತ್ತು ಹೋಗಲೆಂದು ಅದೇ ಹೊಳಬಸಪ್ಪ ಮುಧೋಳದ ಕಡೆಯಿಂದ ತಮ್ಮನ್ನು ಕರೆತಂದ. ಮಾನ್ಯರೇ, ನನ್ನ ದೂರು ಇಲ್ಲಿಂದ ಆರಂಭ. ಬಂದ ದಿನವೇ ತಲೆ ಸವರಲು ಕೈ ಚಾಚಿದ ತಂಗೆವ್ವನಿಗೆ ತಾವು ಹಲ್ಲು ತೋರಿಸಿದಿರಿ. ಕೂಡಲೇ "ಜಾತಿವಂತ ನಾಯಿ ಅಂದ್ರ ಹಿಂಗಿರಬೇಕು, ಕಂಡಕಂಡವರಿಗೆ ಮೈ ಮುಟ್ಟಗೊಡಂಗಿಲ್ಲ" ಎಂದು ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದು ತಮ್ಮನ್ನು ಕೊಂಡಾಡಿದರು. ಅದೇ ಸಂಜೆ ಅದೇ ಕೆಲಸವನ್ನು, ಹಲ್ಲು ಕಚ್ಚಿ, ನಾನು ಮಾಡಿದರೆ ಪೇಢೆ! ತಮ್ಮದು ಖಾನದಾನು, ನನ್ನದು ಗುಣವಾಗುವ ಲಕ್ಷಣ. ಇದು ಯಾವ ನ್ಯಾಯ?

ಆದಕಾರಣ ತಮ್ಮಲ್ಲಿ ನನ್ನ ಸವಿನಯ ಬೇಡಿಕೆಗಳಿವೆ. ನನ್ನನ್ನು, ಎಡಭಾಗದ ಮಟ್ಟಿಗಾದರೂ, ಮುಧೋಳ ತಳಿಗೆ ಸೇರಿಸಿಕೊಂಡು ತಮ್ಮ ಪಂಜದ ಗುರುತುಳ್ಳ ಪ್ರಮಾಣಪತ್ರ ದಯಪಾಲಿಸಬೇಕು. ಅರಿವೆಯ ಹಂಗಿಲ್ಲದ ಆ ನುಣುಪು ತೊಗಲನ್ನು ಬೇಸಿಗೆ ಮುಗಿಯುವವರೆಗೆ ಎರವಲು ಕೊಡಬೇಕು. ನನ್ನ ಹತ್ತಿರ ಬದಲಿಗೆ ಬೇಕಾದಷ್ಟು ಇಳಕಲ್ ಸೀರೆಗಳಿವೆ. ಗುರ್ರೆನ್ನುವ ವಿದ್ಯೆಯನ್ನು ದಿನವೂ ಹೇಳಿಕೊಡಬೇಕು, ಏಕೆಂದರೆ ನನ್ನ ಕೂಗಿನಲ್ಲಿ ತಮ್ಮ ಘನತೆ ಇಲ್ಲವೆಂದು ತಂಗೆವ್ವ ಮುಖಕ್ಕೇ ಹೇಳಿದ್ದಾಳೆ.

ಒಂದು ಮಾತು ಮಾತ್ರ ನಗೆಯಿಲ್ಲದೆ ಬರೆಯುತ್ತೇನೆ. ಹೋದ ವಾರ ಕಸ್ತೂರೆವ್ವ ನನ್ನ ಹೆಗಲ ಮೇಲಿನ ಟವೆಲ್ಲು ಸರಿಮಾಡಲು ಬಂದಾಗ ಅದರ ಅಂಚು ಎಡತೋಳಿಗೆ ಸೋಕಿ, ಬಲಗೈ ತಾನಾಗಿ ಹಾರಿ ಅವಳ ಕೈಯನ್ನು ಎಸೆದಂತೆ ತಳ್ಳಿತು. ನಾಲ್ಕು ಜನರೆದುರು. ಆಮೇಲಿನಿಂದ ಅವಳು ಚಹಾದ ಕಪ್ಪನ್ನು ಸ್ಟೂಲಿನ ಮೇಲಿಟ್ಟು ದೂರ ಸರಿದು ನಿಲ್ಲುತ್ತಿದ್ದಳು. ನನಗೆ ಅವಳು ಬೇಡವಾದಳೆಂದು ಅವಳು ತಿಳಿದಿದ್ದಳು. ಊರೆಲ್ಲ ಚೂಟಿದ್ದಕ್ಕಿಂತ ಅದು ಹೆಚ್ಚು ನೋಯಿಸಿತು.

ನಿನ್ನೆ ಬೆಳಗ್ಗೆ ಅವಳು ಕಟ್ಟೆಯ ಮೇಲೆ ಕೂತು, ಅಂಗೈಯಲ್ಲಿ ರೊಟ್ಟಿ ಚೂರು ಹಿಡಿದು, ತಮ್ಮತ್ತ ನೋಡದೆ ಸುಮ್ಮನೆ ಕಾದದ್ದು ತಮಗೂ ನೆನಪಿರಬೇಕು. ತಾವು ತಮಗೆ ಮನಸ್ಸಾದಾಗ ಬಂದು, ಮೂತಿ ಇಟ್ಟು, ತಿಂದು, ತಮ್ಮ ಜಾಗಕ್ಕೆ ಹೋದಿರಿ. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಆ ಖಾಲಿ ಅಂಗೈಯನ್ನು ಹಾಗೆಯೇ ಇಟ್ಟುಕೊಂಡು, ನೆಲ ನೋಡುತ್ತ, "ನೀವೂ ಬರೂದಿದ್ರ ಬರ್ರಿ. ನಾ ಏನ್ ಹಿಡಿಯಂಗಿಲ್ಲ" ಎಂದಳು.

ಹೋಗಿ ಕೂತೆ. ಎಡಗೈಯನ್ನು ನಾನೇ ಎತ್ತಿ ಅವಳ ಅಂಗೈ ಮೇಲೆ ಇಟ್ಟೆ. ಉರಿಯಿತು, ಮಾನ್ಯರೇ, ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು. ಅವಳು ಬೆರಳು ಮಡಚಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಆಗ ಹೇಳಿದೆ, ಪೂರ್ತಿ ಹೋಗಲಿಕ್ಕಿಲ್ಲ ಎಂಬುದನ್ನೂ. ಅವಳು "ಈಗೂ ಉರಿಯಾಕತ್ತೈತೇನ್ರಿ?" ಎಂದಳು. ಹೂಂ ಎಂದೆ. ನಾನು ಹೂಂ ಎಂದಾಗ ಹಿಗ್ಗದೆ ಅತ್ತವಳು ಇಡೀ ಬನಹಟ್ಟಿಯಲ್ಲಿ ಅವಳೊಬ್ಬಳೇ. ನಾನು ಕೈ ತೆಗೆಯಲಿಲ್ಲ.

ಎಡಭಾಗವೊಂದನ್ನು ಹೊರತುಪಡಿಸಿ ಉಳಿದೆಲ್ಲದರಿಂದ
ತಮ್ಮ ವಿಶ್ವಾಸಿ,
ಶಿದ್ರಾಮಪ್ಪ

ವಿ.ಸೂ.: ಬರುವ ಸೋಮವಾರ ಹೊಳಬಸಪ್ಪ ಸಾವಳಗಿಯಿಂದ ಹೊಸದೊಂದು ಎಣ್ಣೆ ತಂದು ನನ್ನ ಕೈಗೆ ತಾನೇ ತಿಕ್ಕುವುದಾಗಿ ಹೇಳಿ ಕಳಿಸಿದ್ದಾನೆ. ಅಂದು ತಮ್ಮ ಸರಪಳಿ ಬಿಚ್ಚಿಡಲು ಕಸ್ತೂರೆವ್ವ ಒಪ್ಪಿದ್ದಾಳೆ. ತಾವು ಕಚ್ಚಿದ ಜಾಗದಲ್ಲಿ ಆತನಿಗೆ ನೋವಾದರೆ ಪೇಢೆ ನಾನೇ ಹಂಚುತ್ತೇನೆ.